ಕತ್ತಿನ ಹತ್ರ ಇನ್ನೂ ಉಳಿದಿದೆ

ವರ್ನಾ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಅಷ್ಟರಲ್ಲಿ ಹಿತ್ತಲಿನಿಂದ ಪಕ್ಕದ ಮನೆಯ ಒಡೀಲಕ್ಕನ ದನಿ ಬಂತು.

"ವರ್ನಾ, ಈ ತೊಗಲಲ್ಲಿ ಕತ್ತಿನ ಹತ್ರ ಮೇಲ್ಪದರ ಇನ್ನೂ ಉಳಿದಿದೆ ಕಣೇ."

ವರ್ನಾ ಹಿಟ್ಟಿನ ಕೈಯಲ್ಲೇ ಓಡಿದಳು. ಮೂರು ದಿನದಿಂದ ಆ ಜಿಂಕೆ ತೊಗಲನ್ನು ದಿಮ್ಮಿಗೆ ಹೊದಿಸಿ ಎಲುಬಿನಿಂದ ಕೆರೆಯುತ್ತಿದ್ದಳು. ಕೂದಲು ಹೋದರೆ ಸಾಲದು, ಅದರ ಬುಡದ ತೆಳು ಪದರವೂ ಪೂರ್ತಿ ಹೋಗಬೇಕು. ಒಂದು ಬೆರಳಗಲ ಉಳಿದರೂ ತೊಗಲು ಮೆತ್ತಗಾಗಲು ಹಚ್ಚುವ ಜಿಂಕೆ ಮಿದುಳಿನ ಲೇಪ ಅಲ್ಲಿ ಇಳಿಯುವುದಿಲ್ಲ. ಹೋದ ವರ್ಷ ಹಾಗೇ ಆಗಿ, ಅವಳು ಹೊಲಿದ ಅಂಗಿ ಹಪ್ಪಳದಂತೆ ಸೆಟೆದು, ಒಳಗೆ ಯಾರೂ ಇಲ್ಲದೆಯೇ ಮೂಲೆಯಲ್ಲಿ ನಿಂತುಕೊಂಡಿತ್ತು. ಊರಿಗೆ ಊರೇ ಬಂದು ನೋಡಿಹೋಗಿತ್ತು. ಆ ಅಂಗಿಯಿಲ್ಲದೆ ಮಗಳು ಜೋಸೆಟ್ ಊರ ಕುಣಿತದ ದಿನ ಬೆಂಚಿನ ಮೇಲೆ ಕೂತೇ ಇದ್ದಳು. ಈ ವರ್ಷದ ಕುಣಿತಕ್ಕೆ ಇನ್ನು ಒಂದೇ ವಾರ.

"ಎಲ್ಲಕ್ಕಾ? ಬೆಳ್ಳಗೇ ಇದೆಯಲ್ಲ."

"ಹಳದಿ ಮಿಂಚು ಕಾಣ್ಸಲ್ವಾ? ಕಣ್ಣಿದ್ದು ಏನು ಬಂತು."

ವರ್ನಾ ಹಲ್ಲು ಕಚ್ಚಿಕೊಂಡು ಕೆರೆದಳು. ಒಡೀಲ್ ಬಕೆಟ್ ಬೋರಲು ಹಾಕಿಕೊಂಡು ಕೂತಳು. ಅವಳ ಗಂಡ ಇಸಿಡೋರ್ ಬಂದು ಹೆಬ್ಬೆರಳ ಉಗುರಿನಿಂದ ತೊಡೆಯ ಭಾಗ ಗೀಚಿ, "ಇಲ್ಲೂ ಇದೆ" ಎಂದ. ಅಲ್ಲೂ ಕೆರೆದದ್ದಾಯಿತು. ಒಡೀಲ್ ಹೊಟ್ಟೆಯ ಅಂಚು ತೋರಿಸಿದಳು. ಒಳಗೆ ಹಿಟ್ಟು ಒಣಗಿ ಪಾತ್ರೆಗೆ ಅಂಟಿತು.

"ಅಮ್ಮಾ, ದೊಡ್ಡಮ್ಮ ಯಾಕೆ..." ಎಂದು ಜೋಸೆಟ್ ಬಾಯಿ ತೆರೆದಳು.

"ಹಿರಿಯರು ಹೇಳ್ವಾಗ ಸುಮ್ನಿರು," ಎಂದಳು ವರ್ನಾ. ಅವಳ ಬಾಯಲ್ಲೇ ಇನ್ನೂ ಕಟುವಾದ ಮಾತಿತ್ತು. ನುಂಗಿಕೊಂಡಳು. ಆ ಸಿಟ್ಟು ಕೈಗೆ ಇಳಿಯಿತು, ಕೆರೆಯುವ ಎಲುಬು ಪಕ್ಕೆಯ ಹತ್ತಿರ ಸರಕ್ಕನೆ ತೂತು ಮಾಡಿತು.

ಒಡೀಲ್ ಎದೆ ಹಿಡಿದುಕೊಂಡಳು. "ಅಯ್ಯೋ, ನೋಡ್ಕೊಂಡು ಮಾಡೋದಲ್ವೇನೇ."

ಇಸಿಡೋರ್ ಮನೆಗೆ ಹೋಗಿ ಸೂಜಿ, ನರದ ದಾರ ತಂದುಕೊಟ್ಟ. ನನ್ನ ತೊಗಲು ತೂತಾದ್ರೆ ಇವರಿಗ್ಯಾಕೆ ಇಷ್ಟು ಉರಿ ಅಂತ ಗೊಣಗುತ್ತ ವರ್ನಾ ತೂತು ಹೊಲಿದಳು. ಸಂಜೆಗೆ ಅವಳ ಭುಜ ಎರಡೂ ನೆನೆಸಿಟ್ಟ ಮರದ ತುಂಡಿನಂತಾಗಿದ್ದವು.

ಒಡೀಲ್ ತೊಗಲನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿದಳು. "ಈಗ ಸರಿ ಹೋಯ್ತು. ಒಂದು ಚೂರೂ ಉಳಿದಿಲ್ಲ." ಆಮೇಲೆ ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಎಲ್ಲಿಗಕ್ಕಾ?"

"ಮನೆಗೆ. ಇದು ನಂದಲ್ವಾ. ಹೊಳೇಲಿ ನೆನೆ ಹಾಕಿದ್ದಾಗ ನೀನು ನನ್ನ ತೊಗಲು ಕಟ್ಟಿದ್ದ ಹಗ್ಗ ಎಳ್ಕೊಂಡ್ಬಂದಿದ್ದೆ. ನಿಂದು ಅಲ್ಲೇ ಬಿದ್ದಿದೆ, ಕೂದಲು ಸಮೇತ."

ವರ್ನಾ ಕೈಯಲ್ಲಿದ್ದ ಎಲುಬು ಕೆಳಗಿಟ್ಟಳು. "ಮೊದಲನೇ ದಿನವೇ ಹೇಳ್ಬಾರ್ದಿತ್ತಾ?"

"ಅವತ್ತೇ ಹೇಳೋಕೆ ಬಂದಿದ್ದೆ ಕಣೇ. ನೀನು ಅಷ್ಟು ಶ್ರದ್ಧೆಯಿಂದ ಕೆರೀತಿದ್ದೆ. ನಡುವೆ ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ."

ಇಸಿಡೋರ್ ಸೂಜಿಯನ್ನು ಮರೆಯದೆ ಜೇಬಿಗೆ ಹಾಕಿಕೊಂಡ. ವರ್ನಾ ಬಾಯಿ ತೆರೆದಳು. ಹಿರಿಯರು. ಬಾಯಿ ಮುಚ್ಚಿದಳು.

ಗಂಡ ಹೆಂಡತಿ ಬೇಲಿ ದಾಟುವಷ್ಟರಲ್ಲಿ ಜೋಸೆಟ್ ಓಡಿಹೋಗಿ ಅವರ ಎದುರು ನಿಂತಳು.

"ದೊಡ್ಡಮ್ಮಾ, ನಮ್ದನ್ನ ನೀವು ಯಾವಾಗ ಕೆರೀತೀರ?"