ಮಂಡಿಯೂರಿದ ರಾಕ್ ರುದ್ರೇಶ

ಗಂಡ ಹಾಡುಗಾರನಾದರೆ ಹೆಂಡತಿಗೆ ಹೆಮ್ಮೆ ಎಂದು ಎಲ್ಲರೂ ತಿಳಿದಿದ್ದಾರೆ. ನನಗೆ ಮಾತ್ರ ನಮ್ಮೆಜಮಾನರು ಗಂಟಲು ಸರಿಮಾಡಿಕೊಂಡರೆ ಸಾಕು, ಅಂಗೈ ಬೆವರುತ್ತದೆ. ಹಾವು, ಸಿಡಿಲು, ಶಾಲಾ ತನಿಖಾಧಿಕಾರಿ, ಇವಕ್ಕೆಲ್ಲ ನಾನು ಅಂಜಿದವಳಲ್ಲ. ಬೀರೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿ ನಿವೃತ್ತಳಾದವಳು. ಅಂಜುವ ಕೆಲಸವನ್ನು ಅಷ್ಟೂ ವರ್ಷ ಮಕ್ಕಳೇ ಮಾಡುತ್ತಿದ್ದರು. ಆದರೆ ಮೈಕಿನ ಮುಂದೆ ನಿಂತ ಗಂಡನನ್ನು ನೋಡಿದರೆ, ಕಂಬಿಯ ಮೇಲೆ ನಿಂತ ಎಮ್ಮೆಯನ್ನೂ ದೂರದಲ್ಲಿ ಬರುತ್ತಿರುವ ರೈಲನ್ನೂ ಒಟ್ಟಿಗೇ ಕಂಡ ಹಾಗಾಗುತ್ತದೆ.

ಒಂದು ಕಾಲಕ್ಕೆ ಅವರು ಈ ಸೀಮೆಯಲ್ಲೆಲ್ಲ ‘ರಾಕ್ ರುದ್ರೇಶ’ ಎಂದೇ ಹೆಸರಾಗಿದ್ದವರು. ಮನೆಯದು ಕೊಬ್ಬರಿ ವ್ಯಾಪಾರ, ಮಠದ ಒಡನಾಟ. ಮಗ ಮಠದಲ್ಲಿ ವಚನ ಹಾಡಲಿ ಎಂದು ಮಾವನವರು ಹಾರ್ಮೋನಿಯಂ ಕೊಡಿಸಿದರೆ, ಇವರು ಅದನ್ನು ಯಾರಿಗೋ ದಾಟಿಸಿ ಎಲೆಕ್ಟ್ರಿಕ್ ಗಿಟಾರು ತಂದರಂತೆ. ಕಡೂರಿನ ಬಿಸಿಲಿನಲ್ಲಿ ಚರ್ಮದ ಜಾಕೆಟ್ಟು ತೊಟ್ಟು, ತಾವೇ ಕಟ್ಟಿದ ‘ಬೀರೂರು ಜಂಕ್ಷನ್’ ಎಂಬ ಹಾಡು ಹಾಡಿ, ಕೊನೆಗೆ ವೇದಿಕೆಯ ಹಿಂದಿನಿಂದ ಓಡಿಬಂದು ಮಂಡಿಯ ಮೇಲೆ ಅಂಚಿನವರೆಗೂ ಜಾರುತ್ತಿದ್ದರು. ತರೀಕೆರೆಯಲ್ಲಿ ಒಮ್ಮೆ ಅಂಚನ್ನೂ ದಾಟಿ ಜನರ ತೊಡೆಯ ಮೇಲೆ ಬಿದ್ದರಂತೆ. ಹಾಡು ಮಾತ್ರ ನಿಲ್ಲಿಸಲಿಲ್ಲವಂತೆ. ಅಜ್ಜಂಪುರಕ್ಕೆ ಬಂದು ಹೆಣ್ಣು ಕೇಳಿದಾಗ ನಮ್ಮಪ್ಪನಿಗೆ ಕೊಬ್ಬರಿಯ ವಿಷಯವನ್ನಷ್ಟೇ ಹೇಳಿದ್ದರು. ಜಾರುವ ವಿಷಯ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ, ಪ್ಯಾಂಟುಗಳಿಗೆ ತೇಪೆ ಹಾಕುವಾಗ.

ಆಮೇಲೆ ಬ್ಯಾಂಡಿನವರು ಚದುರಿದರು, ಊರೂರಿಗೂ ಡಿಜೆ ಬಂತು, ಗಿಟಾರು ಬೀರುವಿನ ತಲೆಯ ಮೇಲೆ ಹತ್ತಿ ಕುಳಿತಿತು. ಚರ್ಮದ ಜಾಕೆಟ್ಟಿನೊಳಗೆ ಇಲಿ ಮರಿಹಾಕಿತು. ಮಂಡಿಚಿಪ್ಪು ಸವೆದಿದೆ, ನೆಲದ ಮೇಲೆ ಕೂರಲೇಬೇಡಿ ಎಂದು ಡಾಕ್ಟರು ಹೇಳಿದ ಮೇಲಂತೂ, ಮಠದ ಪಂಕ್ತಿಯಲ್ಲಿ ಎಲ್ಲರೂ ಕೆಳಗೆ ಕುಳಿತರೆ ಇವರೊಬ್ಬರು ಕುರ್ಚಿಯ ಮೇಲೆ ಕುಳಿತು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣತೊಡಗಿದರು. ನಾನು ನೆಮ್ಮದಿಯಾಗಿದ್ದೆ.

ಆಗ ಒಂದು ಟೀವಿ ಚಾನೆಲ್ಲಿನಿಂದ ಫೋನು ಬಂತು. ಮರೆತುಹೋದ ಗಾಯಕರನ್ನು ಮತ್ತೆ ವೇದಿಕೆ ಹತ್ತಿಸುವ ಕಾರ್ಯಕ್ರಮವಂತೆ. ಕಡೂರಿನ ಕಲ್ಯಾಣ ಮಂಟಪದಲ್ಲಿ, ನೇರ ಪ್ರಸಾರ. ಮಾತಾಡಿದ ಹುಡುಗಿ “ಸರ್, ನೀವು ನಮ್ಮ ರಾಕ್ ಸ್ಟಾರ್” ಅಂದಳು. ಅಷ್ಟಕ್ಕೇ ನಮ್ಮವರ ಬೆನ್ನು ನೆಟ್ಟಗಾಯಿತು. ನನ್ನ ಬೆನ್ನಿನಲ್ಲಿ ತಣ್ಣೀರು ಇಳಿಯಿತು.

“ಲೈವ್ ಕಣ್ರೀ. ತಪ್ಪಾದ್ರೆ ಅಳಿಸಕ್ಕಾಗಲ್ಲ” ಅಂದೆ.

“ತಪ್ಯಾಕಾಯ್ತದೆ? ನಾನೇ ಬರ್ದಿರೋ ಹಾಡು.”

“ಹಾಡು ನೀವೇ ಬರ್ದ್ರಿ. ನಿನ್ನೆ ಬಚ್ಚಲಲ್ಲಿ ಹಾಡ್ತಾ ಎರಡನೇ ಚರಣದಲ್ಲಿ ಕೆಮ್ಮಿದ್ರಲ್ಲ, ಅದನ್ನ ಯಾರು ಬರ್ದೋರು?”

ಅವರು ಬೀರುವಿನ ಮೇಲಿನ ಗಿಟಾರಿನ ಕಡೆ ಕಣ್ಣೆತ್ತಿದರು. ಆಮೇಲೆ ಮೆಲ್ಲಗೆ ಹೇಳಿದರು, “ನೋಡೇ, ಈಗಿನೋರಿಗೆಲ್ಲ ನಾನು ಕೊಬ್ಬರಿ ರುದ್ರಪ್ಪ. ಸತ್ರೂ ಕೊಬ್ಬರಿ ರುದ್ರಪ್ಪ ಹೋದ ಅಂತಾರೆ. ಒಂದೇ ಒಂದ್ಸಲ ಹಾಡ್ಬಿಡ್ತೀನಿ.”

“ಜಾರಲ್ಲ ತಾನೆ?” ಎಂದಷ್ಟೇ ಕೇಳಿದೆ. “ಜಾರಲ್ಲ” ಅಂದರು, ಗೋಡೆಯ ಕಡೆ ನೋಡುತ್ತ.

ಅಲ್ಲಿಂದ ಮುಂದೆ ನಾನು ನಿದ್ದೆಗೆಟ್ಟೆ. ಕಣ್ಣು ಮುಚ್ಚಿದರೆ ಸಾಕು, ಅವರ ದನಿ ಒಡೆಯುತ್ತಿತ್ತು, ಜನ ನಗುತ್ತಿದ್ದರು, ಅಜ್ಜಂಪುರದಲ್ಲಿ ನನ್ನ ತಮ್ಮಂದಿರು ಟೀವಿ ಆರಿಸಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಪಕ್ಕದ ಮನೆಯ ಗಿರಿಜಕ್ಕನ ಹತ್ತಿರ ಹೇಳಿಕೊಂಡರೆ ಅವಳು, “ಏನಾಗಲ್ಲ ಬುಡು. ನಮ್ಮ ಭಾವ ಒಬ್ರು ಹಿಂಗೇ ಭಾಷಣ ಮಾಡ್ತಾ ಮಾಡ್ತಾ ಹೋಗ್ಬಿಟ್ರು, ಎಷ್ಟು ಸುಖವಾದ ಸಾವು” ಎಂದು ಧೈರ್ಯ ತುಂಬಿದಳು.

ಕಾರ್ಯಕ್ರಮದ ಸಂಜೆ ಮಂಟಪದ ಮುಂದಿನ ಸಾಲಿನಲ್ಲಿ ನನ್ನನ್ನು ಕೂರಿಸಿದರು, ಪಕ್ಕದಲ್ಲಿ ಗಿರಿಜಕ್ಕ. ಕಣ್ಣು ಕುಕ್ಕುವ ದೀಪಗಳು, ತಲೆಯ ಮೇಲೆ ಕ್ರೇನಿನಂತೆ ಓಡಾಡುವ ಕ್ಯಾಮೆರಾ. ಹೊಸ ಜಾಕೆಟ್ಟಿನಲ್ಲಿ ನಮ್ಮವರು ಬಂದರು. ಮೊದಲ ಸಾಲಿಗೇ ದನಿ ಕೀರಲಾಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಎರಡನೇ ಚರಣಕ್ಕೆ ರೈಲಿನ ಕೂಗನ್ನು ಎತ್ತರದಲ್ಲಿ ಹಿಡಿಯಬೇಕು. ಅಲ್ಲಿ ಉಸಿರು ನಿಂತೇಹೋಯಿತು. ಡ್ರಮ್ಮಿನವನು ಒಬ್ಬನೇ ಬಾರಿಸುತ್ತಿದ್ದ. ನಮ್ಮವರು ಬಾಯಿ ತೆರೆದುಕೊಂಡು ನಿಂತಿದ್ದರು. ನಾನು ಗಿರಿಜಕ್ಕನ ಕೈಯನ್ನು ಅವಳು ‘ಅಯ್ಯಮ್ಮ’ ಅನ್ನುವಷ್ಟು ಹಿಂಡಿದೆ.

ಅವರು ಮೈಕನ್ನು ಜನರ ಕಡೆ ಚಾಚಿದರು. “ಉಸಿರು ಸಾಲ್ತಿಲ್ಲ ಕಣ್ರಪ್ಪಾ, ಇದೊಂದು ನೀವೇ ಕೂಗ್ರಿ” ಅಂದರು. ಆಮೇಲೆ ಹಿಂದಿನ ಸಾಲುಗಳಿಂದ, ಬೀರೂರಿನ ರೈಲ್ವೆ ನಿವೃತ್ತರ ಗುಂಪಿನಿಂದ, ‘ಕೂ’ ಎಂದು ಶುರುವಾದದ್ದು ಇಡೀ ಮಂಟಪವನ್ನೇ ಹಿಡಿಯಿತು. ಆ ತಲೆನರೆತವರು ಯಾರೂ ಹಾಡನ್ನು ಮರೆತಿರಲಿಲ್ಲ. ನಮ್ಮವರ ಮುಖ ಅರಳಿತು. ಮುಂದಿನ ಸಾಲುಗಳನ್ನು ಅವರು ಹಾಡಿದ್ದು ಕೇಳಿ, ಇದೇ ಮನುಷ್ಯನ ಪ್ಯಾಂಟಿಗೆ ನಾನು ತೇಪೆ ಹಾಕಿದ್ದಾ ಅನ್ನಿಸಿತು.

ಉತ್ಸಾಹವೇ ಅಪಾಯ. ಹಾಡು ಮುಗಿಯುವ ಹೊತ್ತಿಗೆ ಅವರು ಹಿಂದೆ ಹಿಂದೆ ಸರಿಯತೊಡಗಿದರು. ಆ ಹಿಂದೆ ಸರಿಯುವುದರ ಅರ್ಥ ಮಂಟಪದಲ್ಲಿ ನನಗೊಬ್ಬಳಿಗೇ ಗೊತ್ತು. “ರೀ, ಬೇಡ ರೀ” ಎಂದು ಎದ್ದೆ. ಯಾರಿಗೆ ಕೇಳಬೇಕು? ಓಡಿ ಬಂದರು, ಮಂಡಿಯೂರಿದರು, ಜಾರಿದರು. ಅಂಚಿನಲ್ಲೇ ಜಾರಾಟ ನಿಂತಿತು. ಮಂಟಪ ಸೀಟಿಯಲ್ಲಿ ಮುಳುಗಿತು.

ಅವರು ಏಳಲಿಲ್ಲ. ತಲೆ ಬಾಗಿಸಿ, ಎರಡೂ ಕೈ ಎತ್ತಿ ಹಾಗೇ ಇದ್ದರು. ನಿರೂಪಕಿ ಗದ್ಗದಿತಳಾಗಿ, “ಕಲೆಗೆ ಶರಣಾದ ಕಲಾವಿದ” ಎಂದಳು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನನಗೆ ಅವರ ಕಿವಿಯ ಹಿಂದೆ ಇಳಿಯುತ್ತಿದ್ದ ಬೆವರು ಕಾಣುತ್ತಿತ್ತು. ನಾನು ಹೇಗೆ ಆ ಮೆಟ್ಟಿಲು ಹತ್ತಿದೆನೋ ತಿಳಿಯದು. ಹೋಗಿ ಅವರ ಎದುರು ಬಗ್ಗಿ ಎರಡೂ ತೋಳುಗಳಿಂದ ಅಪ್ಪಿ ಹಿಡಿದೆ.

“ಏಳಕ್ಕಾಯ್ತಿಲ್ಲ ಕಣೇ” ಎಂದರು ಕಿವಿಯಲ್ಲಿ.

“ಗೊತ್ತು. ಕುತ್ತಿಗೆ ಗಟ್ಟಿಯಾಗಿ ಹಿಡ್ಕೊಳ್ರಿ. ಉಸಿರು ಬಿಟ್ಕೊಂಡು ಏಳಿ.”

ಎಬ್ಬಿಸಿದೆ. ಮೈಕು ಕೆಳಗೆ ಬಿದ್ದಿದ್ದರಿಂದ ಈ ಪ್ರೇಮಸಂಭಾಷಣೆ ಯಾರಿಗೂ ಕೇಳಲಿಲ್ಲ. ನಿರೂಪಕಿ ಅತ್ತಳು.

ಆ ತುಣುಕು ಈಗ ಎಲ್ಲರ ಮೊಬೈಲಿನಲ್ಲೂ ಓಡುತ್ತಿದೆ. ತುಂಬಿದ ಸಭೆಯಲ್ಲಿ ಗಂಡನನ್ನು ಅಪ್ಪಿಕೊಂಡ ಆದರ್ಶ ಸತಿ ಅಂತೆ ನಾನು. ಸಂತೆಯಲ್ಲಿ ಗುರುತು ಸಿಗದ ಹೆಂಗಸರು ನನ್ನ ಕೈಹಿಡಿದು, “ಅವತ್ತು ಅವ್ರ ಕಿವೀಲಿ ಏನ್ ಹೇಳಿದ್ರಿ ಮೇಡಂ?” ಎಂದು ಕೇಳುತ್ತಾರೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು, ನಾಚಿಕೊಂಡವಳ ಹಾಗೆ ಸೆರಗು ಸರಿಮಾಡಿಕೊಂಡು, “ಅದು ನಮ್ಮಿಬ್ಬರ ಮಾತು” ಅನ್ನುತ್ತೇನೆ. ಮನೆಗೆ ಬಂದು ನಾನೂ ಆ ತುಣುಕನ್ನು ಒಮ್ಮೊಮ್ಮೆ ನೋಡುವುದುಂಟು. ನೋಡಿ ನೋಡಿ ಈಗ ಹೊಸದೊಂದು ಹೆದರಿಕೆ ಹಿಡಿದಿದೆ. ಅವರು ಎದ್ದುನಿಂತ ಮೇಲೂ ಅದರಲ್ಲಿರುವ ಹೆಂಗಸು ಕೈ ಬಿಡುವುದೇ ಇಲ್ಲ. ಯಾಕೆ ಎಂದು ಅವರು ಕೇಳಿಬಿಟ್ಟರೆ ಏನು ಹೇಳಲಿ?