ಬೆರಳ ತುದಿಯಷ್ಟು ಯೀಸ್ಟ್

ಮಗಳು ತಾನು ಮದುವೆಯಾಗಲಿರುವ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದ ದಿನ, ಆತ ಭಾವೀ ಅತ್ತೆಯ ಮುಖ ನೋಡುವ ಮೊದಲೇ ಮೊಸರಿನ ಪಾತ್ರೆಯ ಮುಖ ನೋಡಿದ. ಮೂಗಿಟ್ಟು ಮೂಸಿ, "ಇದಕ್ಕೆ ಹೆಪ್ಪು ಎಷ್ಟು ಹಾಕ್ತೀರಾ?" ಎಂದು ಕೇಳಿದ.

"ಬೆರಳ ತುದಿಯಷ್ಟು."

"ಆಹಾ!" ಎಂದ. ಆ ಒಂದು ಆಹಾಕಾರಕ್ಕೇ ಅತ್ತೆ ಕರಗಿ ನೀರಾಗಿ ಮದುವೆಗೆ ಒಪ್ಪಿಬಿಟ್ಟರು.

ಹಲ್ಲಿನ ಡಾಕ್ಟರಾದ ಈ ಅಳಿಯನಿಗೆ ಮನೆಯಲ್ಲೇ ಬಿಯರ್ ತಯಾರಿಸುವ ಹುಚ್ಚಿದೆಯೆಂದು ತಿಳಿದದ್ದು, ಅತ್ತೆ ಮಗಳ ಮನೆಗೇ ಬಂದು ನೆಲೆಸಿದ ಮೇಲೆ. ಅಲ್ಲಿದ್ದದ್ದು ಒಂದೇ ಹೆಚ್ಚುವರಿ ಕೋಣೆ. ಅದರಲ್ಲಿ ಬಿಯರ್ ಬಕೆಟ್ ಮಹಾಶಯರು ಸುಖಾಸೀನರಾಗಿದ್ದರು. ಅತ್ತೆ ನಡುಮನೆಯಲ್ಲಿ, ಟಿ.ವಿ. ಪಕ್ಕದ ಮಂಚದ ಮೇಲೆ. (ಬಕೆಟ್ಟಿಗೆ ಚಳಿಯಾಗಬಾರದಂತೆ. ಅತ್ತೆಗಾದರೆ ಕಂಬಳಿ ಇದೆಯಲ್ಲ!)

ಎರಡು ಸಲ ಮಾಡಿದ ಸ್ಟ್ರಾಂಗ್ ಬಿಯರ್ ಹುದುಗುವುದು ಅರ್ಧಕ್ಕೇ ನಿಂತು, ಕೆಮ್ಮಿನ ಔಷಧಿಯಂತೆ ಸಿಹಿಯಾಗಿಯೇ ಉಳಿದಿತ್ತು. ಮಗಳು ತೀರ್ಪು ಕೊಟ್ಟಳು: "ರೀ, ಇದೇ ಕೊನೇ ಸಲ. ಈ ಸಲಾನೂ ಸಿಹಿಯಾದ್ರೆ ಬಕೆಟ್ ಆಚೆ, ಅಮ್ಮ ಒಳಗೆ!"

ಅತ್ತೆಯ ಕಿವಿ ನೆಟ್ಟಗಾಯಿತು. ಬಾಗಿಲು, ಅದಕ್ಕೊಂದು ಚಿಲಕ, ಒಳಗೆ ತಾವು!

"ಸ್ಟ್ರಾಂಗ್ ಬಿಯರ್ ಅಂದ್ರೆ ಸಕ್ಕರೆ ಜಾಸ್ತಿ ಅತ್ತೆ," ಅಳಿಯ ಒಂದು ಜಾಡಿ ತಂದಿಟ್ಟ. "ಸ್ವಲ್ಪ ಯೀಸ್ಟ್ ಹಾಕಿದ್ರೆ ಅಷ್ಟೂ ತಿಂದು ಮುಗಿಸೋಕಾಗದೆ ಸುಸ್ತಾಗಿ ಮಲಗಿಬಿಡುತ್ತೆ. ಅದಕ್ಕೇ ಈ ಸಲ ಜಾಡಿ ತುಂಬಾ ಬೆಳೆಸಿದೀನಿ. ನಾನು ಕ್ಲಿನಿಕ್‌ಗೆ ಓಡ್ಬೇಕು. ಬಕೆಟ್ಟಿನ ಬಾರ್ಲಿ ಕಷಾಯ ತಣ್ಣಗಾದ್ಮೇಲೆ ಇದನ್ನ ಸುರಿದುಬಿಡಿ."

"ಪೂರ್ತೀನಾ ಅಳಿಯಂದ್ರೇ?"

"ಪೂರ್ತಿ!"

ಜಾಡಿಯ ತುಂಬಾ ಕೆನೆಯಂತೆ ಕೂತಿದ್ದ ಯೀಸ್ಟನ್ನು ನೋಡಿ ಅತ್ತೆಗೆ ಕೈಯೇ ಬರಲಿಲ್ಲ. ಹೆಪ್ಪು ಹೆಚ್ಚಾದರೆ ಹುಳಿ ಹತ್ತದೇ? ಪಾಪ, ಹುಡುಗ ಹಲ್ಲು ಕಿತ್ತವನೇ ಹೊರತು ಹೆಪ್ಪು ಹಾಕಿದವನಲ್ಲ. ಅವನ ಬಿಯರ್ ಕೆಡದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ (ಕೋಣೆಯ ನೆನಪು ಆಗ ಬಂದಿರಲೇ ಇಲ್ಲ, ಬಂದಿದ್ದರೂ ಹೊಸ್ತಿಲಲ್ಲೇ ನಿಂತು ಹೋಗಿರಬೇಕು) ಬೆರಳ ತುದಿಯಷ್ಟು ಹಾಕಿ, ಉಳಿದದ್ದನ್ನು ತಮ್ಮ ಮಂಚದ ಕೆಳಗೆ ಮುಚ್ಚಿಟ್ಟರು. ಅದಕ್ಕೆ ದಿನಾ ಒಂದು ಚಮಚ ಸಕ್ಕರೆಯನ್ನೂ ಕೊಟ್ಟರು. ಮನೆಯೊಳಗಿನ ಜೀವವನ್ನು ಉಪವಾಸ ಕೆಡವುವುದೇ?

ಬಕೆಟ್ಟಿನ ಮುಚ್ಚಳದ ಗಾಳಿ ಕೊಳವೆ ಕೆಲವು ದಿನ ಗುಳುಗುಳು ಎಂದು ಆಮೇಲೆ ಮೌನ ತಾಳಿತು. ಅಳಿಯ ಒಂದು ಹನಿ ನಾಲಿಗೆಗೆ ಹಚ್ಚಿ, "ಸಿಹಿ," ಎಂದು ಅಲ್ಲೇ ಕುಸಿದ.

"ಅಮ್ಮಾ, ಹಾಸಿಗೆ ಸುತ್ತು! ನಾಳೆ ಗುಜರಿಯವನು ಬರ್ತಾನೆ!" ಮಗಳು ಕೂಗಿದಳು.

ಅತ್ತೆ ಹಾಸಿಗೆ ಸುತ್ತಿಕೊಂಡು ಕೋಣೆಗೆ ಬಂದರು. ಅಳಿಯ ಬಕೆಟ್ಟನ್ನು ತಬ್ಬಿಕೊಂಡು ಕೂತಿದ್ದ. "ನಿಮ್ಮದೇನೂ ತಪ್ಪಿಲ್ಲ ಅತ್ತೆ. ನೀವು ಪೂರ್ತಿ ಹಾಕಿದ್ರಿ. ನನ್ನ ಯೀಸ್ಟೇ ದಂಡ."

ಅತ್ತೆ ಸುತ್ತಿದ ಹಾಸಿಗೆಯೊಂದಿಗೆ ಮಂಚಕ್ಕೆ ವಾಪಸಾದರು. ಅವನು ಅತ್ತ ಹೋದದ್ದೇ ತಡ, ಮಂಚದ ಕೆಳಗಿನ ಜಾಡಿಯನ್ನು ಎಳೆದರು. ಸಕ್ಕರೆ ತಿಂದು ಕೊಬ್ಬಿ ಬುಸುಗುಡುತ್ತಿದ್ದ ಅದನ್ನು ಅಷ್ಟಕ್ಕಷ್ಟೂ ಬಕೆಟ್ಟಿಗೆ ಸುರಿದು, ಮುಚ್ಚಳ ಒತ್ತಿದರು.

ಮರುದಿನ ಗುಜರಿಯವನು, ನೊರೆ ತುಂಬಿ ಕೊಳವೆ ಕಟ್ಟಿಕೊಂಡಿದ್ದ ಬಕೆಟ್ಟಿಗೆ ಕೈ ಹಾಕಿದ. ಢಬ್! ಮುಚ್ಚಳ ಸೂರಿಗೆ, ನೊರೆ ಅವನ ಮೀಸೆಗೆ. ಅವನು ಮೀಸೆ ನೆಕ್ಕಿಕೊಂಡು, "ಇದನ್ನ ಯಾಕಮ್ಮಾ ಗುಜರಿಗೆ ಹಾಕ್ತೀರಾ?" ಎಂದ.

ಹಾಗೆ ಬಕೆಟ್ ಉಳಿದು ಬಿಯರ್ ಪಕ್ವವಾದಾಗ ಮೊದಲ ಲೋಟ ಮಗಳೇ ಕುಡಿದಳು. ಎರಡನೆಯದನ್ನೂ ಕುಡಿದಳು. "ಬಕೆಟ್ ಒಳಗೇ ಇರ್ಲಿ ಬಿಡಿ," ಎಂದಳು.

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅತ್ತೆ ಅಳಿಯನಿಗೆ ಖಾಲಿ ಜಾಡಿ ತೋರಿಸಿ ನಡೆದದ್ದೆಲ್ಲ ಹೇಳಿದರು. ಬೈಗುಳಕ್ಕೆ ಕಾದು ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟರೆ ಅಳಿಯ ಮಂಡಿಯೂರಿ, ಮಂಚದ ಕೆಳಗೆ ಅರ್ಧ ದೇಹ ತೂರಿಸಿದ್ದ.

"ಆಹಾ!" ಎಂದ ಅಲ್ಲಿಂದಲೇ. ಮೊದಲ ದಿನದ ಅದೇ ಆಹಾ. "ಎಷ್ಟು ಬೆಚ್ಚಗಿದೆ! ಅತ್ತೆ, ಇನ್ನೆರಡು ಬಕೆಟ್ ಇಲ್ಲೇ ಇಡ್ಲಾ?"