ಹಗೇವಿನ ಹಿಂದಿನ ಬಾಗಿಲು

ನಮ್ಮ ಸೋದರಮಾವ ನಲವತ್ತೇಳು ರಾಕ್ಷಸರನ್ನು, ಎಣಿಸಲಾರದಷ್ಟು ಹಾವುಗಳನ್ನು ಮತ್ತು ಒಂದು ಕುರುಡು ಹುಲಿಯನ್ನು ಸಾಕಿದ್ದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನನಗೇನು ನಷ್ಟ? ಅವುಗಳಲ್ಲಿ ಅರ್ಧಕ್ಕರ್ಧ ನಮ್ಮ ಮನೆಯ ರೊಟ್ಟಿ ತಿಂದೇ ಬದುಕಿದವು. ಅವೆಲ್ಲ ವಾಸವಾಗಿದ್ದದ್ದು ಮಾಮನ ತಲೆಯೊಳಗೆ, ಹೊರಗೆ ಬರುತ್ತಿದ್ದದ್ದು ಪೋಸ್ಟ್ ಕಾರ್ಡಿನ ಮೇಲೆ ಎಂಬುದು ಬೇರೆ ಮಾತು.

ಮಾಮನಿಗೆ ಆಳಂದ ತಾಲೂಕಿನ ಸರಸಂಬಾದಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಎಂಬತ್ತರ ದಶಕದಲ್ಲಿ ಒಮ್ಮೆ ಸೊಲ್ಲಾಪುರಕ್ಕೆ ಗಿರಣಿಯ ಬೆಲ್ಟು ತರಲು ಹೋದವನು ಬೆಲ್ಟು ಬಿಟ್ಟು ಒಂದು ಇಂಗ್ಲಿಷ್ ಪುಸ್ತಕ ತಂದ. ರದ್ದಿ ಅಂಗಡಿಯ ಮಾಲು. ಮುಂದಿನ ಹಾಳೆಗಳೂ ಇಲ್ಲ, ಹಿಂದಿನವೂ ಇಲ್ಲ. ಅದರಲ್ಲಿ ವಿಲಾಯತಿಯ ಒಂದು ಆಟದ ವಿವರವಿತ್ತು. ಒಬ್ಬ ನೆಲದಡಿಯ ಕೋಣೆಗಳನ್ನು ಕಲ್ಪಿಸಿ ಒಳಗೆ ಭೂತ, ನಿಧಿ ಎಲ್ಲ ಇಡುತ್ತಾನೆ. ಉಳಿದವರು ತಾವು ಒಳಗೆ ಇಳಿದಿದ್ದೇವೆ ಎಂದುಕೊಂಡು ಏನು ಮಾಡುತ್ತೇವೆಂದು ಹೇಳುತ್ತಾರೆ. ಗೆದ್ದರೋ ಸತ್ತರೋ ಎಂಬುದನ್ನು ದಾಳ ಹೇಳುತ್ತದೆ. ಮಾಮ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದವನು. ಹಾಗಾಗಿ ಅರ್ಥವಾಗದ್ದನ್ನೂ ಹರಿದು ಹೋದದ್ದನ್ನೂ ತಾನೇ ಹುಟ್ಟಿಸಿಕೊಂಡ. ಆ ನೆಲಮನೆಗೆ 'ಹಗೇವು' ಎಂದು ಹೆಸರಿಟ್ಟ. ನಮ್ಮ ಕಡೆ ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಾರಲ್ಲ, ಅದೇ ಹಗೇವು. ಆದರೆ ಇವನದರಲ್ಲಿ ಹದಿನಾರು ಕೋಣೆ! ಊರಲ್ಲಿ ಆಡುವವರು ಸಿಗದೆ, ಕೋಣೆಗಳ ನಕ್ಷೆ ಬರೆದು ಪೋಸ್ಟ್ ಕಾರ್ಡಿನಲ್ಲೇ ಆಟ ಆಡಿಸತೊಡಗಿದ.

ದಾಳಕ್ಕೆ ಇಪ್ಪತ್ತು ಮುಖ ಬೇಕಂತೆ. ಎಲ್ಲಿಂದ ತರಬೇಕು? ಮಾಮ ಇಪ್ಪತ್ತು ಹುಣಸೆ ಬೀಜ ಆರಿಸಿ, ಒಂದೊಂದರ ಮೇಲೂ ಅಂಕಿ ಕೆತ್ತಿ, ಚೊಂಬಿನಲ್ಲಿ ಹಾಕಿ ಕುಲುಕಿದ. ಕಣ್ಣು ಮುಚ್ಚಿ ಒಂದು ತೆಗೆದರೆ ಅದೇ ಹಣೆಬರಹ. ಒಂದು ದಿನ ಮಾಮಿ ಆ ಹಣೆಬರಹವನ್ನು ಹುರಿದು ತಿಂದುಬಿಟ್ಟಳು. "ಹುಣಸಿ ಬೀಜ ಮತ್ತ್ಯಾಕ ಇರ್ತಾವ? ಪೂಜಾ ಮಾಡಾಕೇನು?" ಎಂದಳು. ಆಟಗಾರರಿಗೆಲ್ಲ ಕಾರ್ಡು ಹೋಯಿತು: 'ಮನೆಯಲ್ಲಿ ಸಂಭವಿಸಿದ ಅನಾಹುತದ ನಿಮಿತ್ತ ಯುದ್ಧ ಒಂದು ವಾರ ಮುಂದೂಡಲಾಗಿದೆ.'

ಆಟಗಾರರೆಂದರೆ ಮೂರೇ ಜನ. ಆಳಂದದ ಒಬ್ಬ ಅಡತಿ ವ್ಯಾಪಾರಿ, ಕಾಳುಕಡಿಯ ದಲ್ಲಾಳಿ. ನಿಧಿಯ ಪೆಟ್ಟಿಗೆ ಕಂಡಿದೆ ಎಂದು ಮಾಮ ಬರೆದರೆ, 'ಮೊದಲು ಮಾಲಿನ ಸ್ಯಾಂಪಲ್ ಕಳಿಸಿರಿ' ಎಂದು ಉತ್ತರಿಸಿದ ಪುಣ್ಯಾತ್ಮ. ಇನ್ನೊಬ್ಬರು ಅಫಜಲಪುರದ ನಿವೃತ್ತ ಡ್ರಾಯಿಂಗ್ ಮಾಸ್ತರರು. ಅವರು ಹಗೇವಿನೊಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮಾಮನ ನಕ್ಷೆಗಳನ್ನು ಕೆಂಪು ಮಸಿಯಿಂದ ತಿದ್ದಿ ವಾಪಸು ಕಳಿಸುತ್ತಿದ್ದರು. ಮೂರನೆಯವಳು ನಾನು.

ನಾನು ಹೇಗೆ ಸೇರಿದೆ? ಇಲ್ಲಿ ಸ್ವಲ್ಪ ನಗು ಬದಿಗಿಡಿ. ನನ್ನ ಅವ್ವ ಗಂಡನ ಮನೆಯಿಂದ ಮಾಮನಿಗೆ ಬರೆದ ಪ್ರತಿ ಪತ್ರದಲ್ಲೂ 'ನಾವೆಲ್ಲ ಕ್ಷೇಮ' ಎಂದೇ ಬರೆದಿದ್ದಳು. ಕೊನೆಯ ಪತ್ರದಲ್ಲೂ ಹಾಗೇ. ಅವನು ನಂಬಿದ. ಅಲ್ಲಿಯ ಕಷ್ಟದಲ್ಲೇ ಅವಳು ತೀರಿಹೋದ ಮೇಲೆ ನನ್ನನ್ನು ತಂದು ಸಾಕಿದವನು ಅವನೇ. ನನ್ನನ್ನು ಜೇವರ್ಗಿ ತಾಲೂಕಿನ ನೆಲೋಗಿಗೆ ಕೊಟ್ಟಾಗ, ಹೊರಡುವ ಮುಂಚೆ ಗಿರಣಿಗೆ ಕರೆದು ಹೇಳಿದ:

"ನೋಡವ್ವಾ, ಹೊಸಾ ಸೊಸಿ ಬರ್ದದ್ದ ಮನಿಮಂದೆಲ್ಲಾ ಓದ್ತಾರ. ನಿನ್ನ ದುಃಖ ಅದರಾಗ ಬರ್ಯಾಕ ಬರಂಗಿಲ್ಲ. ಅದಕ್ಕ ನೀನೂ ಆಟದಾಗ ಸೇರು. ಎಲ್ಲಾ ನಕ್ಷಾದಾಗೂ ಒಂದು ಹಿಂದಿನ ಬಾಗ್ಲಾ ಇಟ್ಟಿರ್ತೇನಿ. ತಡಕೊಳ್ಳಾಕ ಆಗ್ಲಿಲ್ಲಂದ್ರ 'ಹಿಂದಿನ ಬಾಗ್ಲಾಕ ಬಂದೇನಿ' ಅಂತ ಒಂದ ಸಾಲು ಬರಿ. ಮರುದಿನದ ಬಸ್ಸಿಗೆ ನಾ ಬಂದಿರ್ತೇನಿ."

ಮೊದಲ ಕಾರ್ಡು ನೆಲೋಗಿಗೆ ಬಂದಾಗ ನಮ್ಮ ಮನೆಯವರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. 'ನೀನು ಒಂದು ಹಗೇವಿನ ಬಾಯಿಯ ಮುಂದೆ ನಿಂತಿದ್ದೀ. ಒಳಗೆ ಏನೋ ಉಸಿರಾಡುತ್ತಿದೆ. ಏನು ಮಾಡುತ್ತೀ?'

ಬೀಗರಿಗೆ ತಲೆ ಕೆಟ್ಟಿದೆ ಎಂದು ಇನ್ನೇನು ಯಾರಾದರೂ ಅನ್ನಬೇಕು, ಅಷ್ಟರಲ್ಲಿ ನಮ್ಮ ಅತ್ತೆ ಅಡುಗೆಮನೆಯಿಂದ ಸಿಡಿದು ಬಂದರು.

"ಏನ್ ಮಾಡ್ತಾಳ? ಮೊದ್ಲ ಕಂದೀಲ ಇಳಿಬಿಡಬೇಕು! ಕಂದೀಲ ಆರಿತಂದ್ರ ಒಳಗ ಗಾಳಿ ಕೆಟ್ಟದ ಅಂತ. ಎರಡ ದಿನ ಬಾಯಿ ತೆರದ ಬಿಡಬೇಕು. ಹಂಗ ಇಳಿದ್ರ ಹೆಣಾ ಬೀಳ್ತಾವ. ಬರಿ ಬೇ, ಬರಿ!"

ಬರೆದೆ. ಎರಡು ದಿನವಲ್ಲ, ಮೂರು ಕಾರ್ಡುಗಳವರೆಗೆ ಅತ್ತೆ ಯಾರನ್ನೂ ಒಳಗೆ ಇಳಿಯಗೊಡಲಿಲ್ಲ. ವಿಲಾಯತಿಯಲ್ಲಿ ಕತ್ತಿ ಹಿಡಿದು ಧುಮುಕುತ್ತಾರಂತೆ, ಹುಚ್ಚರು! ಅವರಿಗೆ ಅತ್ತೆ ಇರಲಿಲ್ಲ, ಅಷ್ಟೇ.

ಕಡೆಗೂ ಇಳಿದೆವು. ಅಲ್ಲಿ ಮಾಮನ ಹೆಮ್ಮೆಯ ರಾಕ್ಷಸ ಬಾಯಿ ತೆರೆದು ನಿಂತಿದ್ದ. ಅವನಿಗೆ ಎಷ್ಟು ಹಲ್ಲು, ಎಷ್ಟು ಬಲ ಎಂದೆಲ್ಲ ಮಾಮ ವಾರಗಟ್ಟಲೆ ಕೂತು ಬರೆದಿದ್ದ. ಗಿರಣಿಗೆ ಜೋಳ ತಂದವರು ಅಷ್ಟೂ ಹೊತ್ತು ಬುಟ್ಟಿ ಹಿಡಿದು ಕಾದಿದ್ದರು. ಅತ್ತೆ ಕೇಳಿಸಿಕೊಂಡು, "ಪಾಪ, ಹಸದಾನ, ಅದಕ್ಕ ಒದರಾಕತ್ತಾನ. ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕೊಡು. ಆಮ್ಯಾಗ ಮಾತು" ಎಂದರು.

ಮಾಮನ ಉತ್ತರ ಬರಲು ಹದಿನೈದು ದಿನ ಹಿಡಿಯಿತು. 'ರಾಕ್ಷಸ ಉಂಡ. ಇನ್ನೊಂದು ರೊಟ್ಟಿ ಕೇಳಿದ. ಉಂಡ ಮನೆಯವರ ಮೇಲೆ ಕೈ ಎತ್ತಲಾರೆ ಎಂದು ಹೇಳಿ ದಾರಿ ಬಿಟ್ಟ.' ಕೆಳಗೆ ಸಣ್ಣ ಅಕ್ಷರಗಳಲ್ಲಿ, 'ನಿಮ್ಮತ್ತಿ ಹಿಂಗ ಕಂಡಕಂಡವ್ರಿಗೆ ಉಣ್ಣಾಕ ಹಾಕಿದ್ರ ನನ್ನ ರಾಕ್ಷಸರು ಮೈಗಳ್ಳರಾಗ್ತಾರ!'

ಹೀಗೆ ನಗುತ್ತ ಹೇಳುತ್ತಿದ್ದೇನೆಂದು ಎಲ್ಲವೂ ನಗುವೇ ಆಗಿತ್ತು ಅಂದುಕೊಳ್ಳಬೇಡಿ. ಅತ್ತೆಯ ನಾಲಿಗೆ ಖಾರ. ನನ್ನ ರೊಟ್ಟಿ ಹರಿದರೆ ನನ್ನ ವಂಶವೇ ಹರಿದಂತೆ ಮಾತಾಡುತ್ತಿದ್ದರು. ಮೊದಲ ವರ್ಷ ಎರಡು ಸಲ ನಾನು 'ಹಿಂದಿನ ಬಾ' ಎನ್ನುವವರೆಗೂ ಬರೆದು ಹೊಡೆದುಹಾಕಿದ್ದೇನೆ. ಬಾಗಿಲು ಇದೆಯಲ್ಲ, ನಾಳೆ ನೋಡೋಣ ಎಂದುಕೊಳ್ಳುತ್ತಿದ್ದೆ. ನಾಳೆ ಬರುವಷ್ಟರಲ್ಲಿ ಅತ್ತೆ ಬಂದು, "ಆ ಹುಲಿಗೆ ಕಣ್ಣಿನ ಔಷಧ ಏನಾರ ಹಾಕೂಣೇನ ಬೇ?" ಎಂದು ಕೇಳುತ್ತಿದ್ದರು. ಅಂಥವರ ಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು?

ಅವರಿಗೊಂದು ಅನುಮಾನ ಮಾತ್ರ ಇತ್ತು. ನಕ್ಷೆ ಬಂದಾಗಲೆಲ್ಲ ಬೆರಳಿಟ್ಟು ಕೇಳುವರು, "ಹಗೇವಿಗೆ ಇರೂದು ಒಂದ ಬಾಯಿ, ಮ್ಯಾಲೆ. ಹಿಂದಿನ ಬಾಗ್ಲಾ ಎಲ್ಲಿಂದ ಬಂತು? ನಿಮ್ಮ ಮಾಮಾ ಹಗೇವು ನೋಡ್ಯಾನೋ ಇಲ್ಲೋ?" ನಾನು ಹಿಟ್ಟು ನಾದುತ್ತ ತಲೆ ಎತ್ತುತ್ತಿರಲಿಲ್ಲ.

ಎರಡನೆಯ ವರ್ಷ ನಾನು ಜ್ವರದಿಂದ ಮಲಗಿದೆ. ಕಾರ್ಡಿಗೆ ಉತ್ತರ ತಡವಾಯಿತೆಂದು ನಮ್ಮ ಮನೆಯವರೇ ಬರೆಯಲು ಕೂತರು. ನಕ್ಷೆ ನೋಡಿದರಂತೆ, ಎಲ್ಲರೂ ಭೂತದ ಕೋಣೆಯಲ್ಲೇ ಗುದ್ದಾಡುತ್ತಿದ್ದಾರೆ, ಹಿಂದೆ ಇಷ್ಟು ಅಗಲದ ಬಾಗಿಲು ಯಾರಿಗೂ ಬೇಡವಾಗಿ ಬಿದ್ದಿದೆ! ಹೆಂಗಸರ ಬುದ್ಧಿ ಎಂದು ನಕ್ಕು, ನನ್ನ ಹೆಸರಿನಲ್ಲಿ ಬರೆದು ಹಾಕಿದರು: 'ಹಿಂದಿನ ಬಾಗ್ಲಾಕ ಬಂದೇನಿ. ಲಗೂ ತೆರೀರಿ.'

ಕಾರ್ಡು ಮುಟ್ಟಿದ ಮರುದಿನ ಮಧ್ಯಾಹ್ನ, ಮೂರು ಬಸ್ಸು ಬದಲಿಸಿ ಮಾಮ ನಮ್ಮ ಅಂಗಳದಲ್ಲಿ ನಿಂತಿದ್ದ. ಅಂಗಿ, ಹುಬ್ಬು, ಮೀಸೆಗೆಲ್ಲ ಹಿಟ್ಟು. ಗಿರಣಿ ನಿಲ್ಲಿಸಿ ಹಾಗೇ ಓಡಿಬಂದಿದ್ದ. ಕೈಯಲ್ಲಿ ಬಡಿಗೆ.

"ನನ್ನ ಹುಡಗಿ ಎಲ್ಲಿ?"

"ಬರ್ರಿ ಬೀಗರ, ಕುಂದರ್ರಿ. ನೀರ ತಗೋರಿ" ಎಂದು ಅತ್ತೆ ಚೊಂಬು ತಂದರು.

"ನೀರ ಬ್ಯಾಡ್ರಿ! ಈ ಮನ್ಯಾಗ ನಾ ಏನೂ ಮುಟ್ಟಂಗಿಲ್ಲ!"

ಅವನಿಗೆ ತನ್ನ ರಾಕ್ಷಸನ ಗತಿ ನೆನಪಿತ್ತು. ಒಂದು ತುತ್ತು ಉಂಡರೆ ಮುಗಿಯಿತು, ಜಗಳಾಡುವ ಹಾಗಿಲ್ಲ! ಇತ್ತ ನಾನು ಕೌದಿ ಹೊದ್ದು ಹೊರಗೆ ಬಂದೆ. ನನ್ನ ಬತ್ತಿದ ಮುಖ ಕಂಡು ಅವನು ಬಡಿಗೆ ಬಿಟ್ಟು ಹತ್ತಿರ ಬಂದ.

"ಬರ್ದದ್ದು ಬ್ಯಾರೆಯವ್ರ ಕೈ ಅಂತ ನೋಡಿದಕೂಡ್ಲೆ ತಿಳೀತು. ಪೆನ್ನ ಹಿಡ್ಯಾಕೂ ಆಗಧಂಗ ಮಾಡ್ಯಾರೇನವ್ವಾ ನಿನ್ನ?"

"ಇಲ್ಲ ಮಾಮಾ, ಬರೀ ಜ್ವರ. ಅದನ್ನ ನಾ ಬರ್ದಿಲ್ಲ!"

ನಮ್ಮ ಮನೆಯವರು ಕಂಬದ ಹಿಂದಿನಿಂದ, "ನಾ ಬರ್ದೇನ್ರಿ ಮಾಮಾರ. ಆ ಬಾಗ್ಲಾ ಖಾಲಿ ಇತ್ತು, ಅದಕ್ಕ..." ಎಂದರು. ಮಾಮ ಕಟ್ಟೆಯ ಮೇಲೆ ಕುಸಿದು ಕೂತ. ಅಳು ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟ: ಅವ್ವನ ಪತ್ರಗಳು, ಗಿರಣಿಯಲ್ಲಿ ಆದ ಮಾತು, ಬಾಗಿಲು.

ಸೊಸೆ ಎರಡು ವರ್ಷ ಮನೆಯಿಂದ ಓಡಿಹೋಗುವ ದಾರಿ ಇಟ್ಟುಕೊಂಡಿದ್ದಳು ಎಂದು ತಿಳಿದರೆ ಯಾವ ಅತ್ತೆ ಸುಮ್ಮನಿರುತ್ತಾಳೆ?

ಅತ್ತೆ ಅದೇ ಚೊಂಬು ಹಿಡಿದು ಮಾಮನ ಹತ್ತಿರ ಬಂದರು. ಆಮೇಲೆ, "ನಾ ಮೊದ್ಲ ಅಂದಿದ್ದೆ, ಹಗೇವಿಗೆ ಹಿಂದಿನ ಬಾಗ್ಲಾ ಇರಂಗಿಲ್ಲ ಅಂತ" ಎಂದರು. ಚೊಂಬನ್ನು ಮಾಮನ ಪಕ್ಕದಲ್ಲಿಟ್ಟು, "ಹದಿಮೂರು ವರ್ಷದಾಕಿ ಇದ್ದೆ ಬೀಗರ, ಈ ಮನಿಗಿ ಬಂದಾಗ. ಅತ್ತು ಅತ್ತು ಇಲ್ಲೇ ದೊಡ್ಡಾಕಿ ಆದೆ. ನನಗ ಅಂಥಾ ಬಾಗ್ಲಾ ಇಟ್ಟವ್ರು ಯಾರೂ ಇದ್ದಿಲ್ಲ. ಅದನ್ನ ಮುಚ್ಚಬ್ಯಾಡ್ರಿ. ಹಂಗ ಇರ್ಲಿ" ಎಂದರು.

ಮಾಮ ನೀರು ಕುಡಿದ. ಊಟಕ್ಕೂ ಕೂತ. ರಾಕ್ಷಸನಿಗಿಂತ ಎರಡು ರೊಟ್ಟಿ ಹೆಚ್ಚೇ ತಿಂದ.

ಮುಂದಿನ ವಾರದ ಕಾರ್ಡು ಮೊದಲ ಸಲ ಅತ್ತೆಯವರ ಹೆಸರಿಗೆ ಬಂತು. ಅಂಚಿಗೆಲ್ಲ ಹಿಟ್ಟು ಮೆತ್ತಿತ್ತು. ಅವರಿಗೆ ಓದಲು ಬಾರದು. ನಕ್ಷೆಯ ಮೇಲೆ ಬೆರಳಾಡಿಸುತ್ತ ಹಿಂದಿನ ಗೋಡೆಗೆ ಬಂದು ನಿಂತರು. ಅಲ್ಲಿ ಬಾಗಿಲು ಎರಡಿದ್ದವು.